ಬಟ್ಟೆ ಒಣಗುವ ಅಂಗಳದಲ್ಲಿ ನಲವತ್ತೆರಡು ಅಡಿ ನೀರು

ಗುರುವಾರ ಬೆಳಿಗ್ಗೆ ಅವಳು ಅಂಗಳದಲ್ಲಿ ದೊಡ್ಡ ಹೊದಿಕೆಯೊಂದನ್ನು ಹಿಂಡುತ್ತಿದ್ದಳು. ಹೊದಿಕೆ ಹಿಂಡುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಒಂದು ತುದಿ ಇವಳು ಹಿಡಿದರೆ ಇನ್ನೊಂದು ತುದಿಗೆ ಮಗಳು ಬೇಕು. ಎಂಟು ವರ್ಷದ ಮಗಳು ತನ್ನ ತುದಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಹಿಮ್ಮಡಿ ಊರಿ, ಹಗ್ಗ ಜಗ್ಗಾಟಕ್ಕೆ ನಿಂತವಳ ಹಾಗೆ ಹಿಂದಕ್ಕೆ ವಾಲಿದ್ದಳು. ಇನ್ನೇನು ನೀರು ಧಾರೆಯಾಗಿ ಇಳಿಯಬೇಕು, ಅಷ್ಟರಲ್ಲಿ ಬೋಟಿನೊಳಗಿಂದ ಗಂಡ ಕರೆದ.

"ಇವಳೇ, ಬಾ ಇಲ್ಲಿ. ಕೈಲಿರೋದನ್ನ ಅಲ್ಲೇ ಬಿಟ್ಟು ಬಾ."

ಮಗಳು ಅಪ್ಪನ ಮಾತನ್ನು ಅಕ್ಷರಶಃ ಪಾಲಿಸಿದಳು. ಮೂರು ನೀರಿನಲ್ಲಿ ಜಾಲಿಸಿದ ಹೊದಿಕೆಯ ಒಂದು ತುದಿ ಮಣ್ಣಿಗೆ ಬಿತ್ತು. ತಾಯಿ ಸಮಾಧಾನವಾಗಿ ಮಣ್ಣಾದ ಹೊದಿಕೆಯನ್ನು ಬಕೆಟ್ಟಿಗೆ ತುಂಬಿ, ಕೈ ಒರೆಸಿಕೊಂಡು ಬೋಟಿನತ್ತ ನಡೆದಳು. ಆ ಮನೆಯಲ್ಲಿ ಬಾಳುವೆ ಮಾಡಲು ಬೇಕಾದ ಮೊದಲ ಗುಣ ಅದು.

ಬೋಟು ಎಂಟು ತಿಂಗಳಿಂದ ಅಂಗಳದಲ್ಲೇ ಇತ್ತು. ಎರಡು ಚಕ್ರದ ಟ್ರೇಲರ್ ಮೇಲೆ, ಮೂತಿ ಗೇಟಿನ ಕಡೆ ಮಾಡಿ, ಹೊರಡಲು ಸಿದ್ಧವಾಗಿ ನಿಂತಿತ್ತು. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಗೋಡೆಯ ಕೊಂಡಿಗೂ ಇನ್ನೊಂದನ್ನು ಬೋಟಿನ ಮೂತಿಯ ಬಳೆಗೂ ಕಟ್ಟಿದ್ದರು. ಅದು ಆ ಸಂಸಾರಕ್ಕೆ ಅಲ್ಲಿಯವರೆಗೆ ಮಾಡಿದ್ದ ಉಪಕಾರ ಅಷ್ಟೇ.

ಗಂಡನ ಕಸುಬು ವಾಹನಗಳ ಸೀಟು ಹೊಲಿಯುವುದು. ಯಾರೋ ಒಬ್ಬ ಗಿರಾಕಿ ತನ್ನ ಪುಟ್ಟ ಜೆಟ್ ಬೋಟಿಗೆ ಹೊಸ ಸೀಟು ಹಾಕಿಸಲು ತಂದುಬಿಟ್ಟ. ಬಿಟ್ಟವನು ಬೇರೆ ಊರಿಗೆ ಹೋಗಿ, ತನಗೆ ಇನ್ನು ಬೋಟಿನ ಚಪಲವಿಲ್ಲ, ನೀವೇ ಇಟ್ಟುಕೊಳ್ಳಿ ಎಂದು ಕಾಗದ ಬರೆದ. ಆ ಕಾಗದ ಬಂದ ಸಂಜೆಯೇ ಗಂಡ ತನಗೊಂದು ಬಿಳಿ ಟೋಪಿ ಹೊಲಿದುಕೊಂಡ. ಅಂಚಿಗೆ ಹಳದಿ ದಾರದ ಕಸೂತಿ. ಮರುದಿನ ಬೆಳಿಗ್ಗೆ ಅದನ್ನು ಹಾಕಿಕೊಂಡು ಬ್ರೆಡ್ಡು ತರಲು ಹೋದವನು, ಮನೆಗೆ ಬರುವಾಗ ಬ್ರೆಡ್ಡಿನ ಜೊತೆ 'ಕ್ಯಾಪ್ಟನ್' ಎಂಬ ಹೆಸರನ್ನೂ ತಂದ.

ಹೆಸರು ಬಂತು, ಟೋಪಿ ಬಂತು, ನೀರಿಗೆ ಇಳಿಯುವುದೊಂದು ಉಳಿಯಿತು. ಅದು ಮಾತ್ರ ಹಾಗೇ ಉಳಿಯುತ್ತಲೇ ಹೋಯಿತು. ಮೊದಲು ಸೀಟಿನ ಬಣ್ಣ ಬಿಸಿಲಿಗೆ ಮಾಸುತ್ತದೆ ಎಂದು ಬೇರೆ ರೆಕ್ಸಿನ್ ಹಾಕಿದ. ಆಮೇಲೆ ಹಾರ್ನ್ ಇಲ್ಲ ಎಂದು ಹಾರ್ನ್ ಕೂರಿಸಿದ. ನೆರಳಿಲ್ಲ ಎಂದು ಮೇಲುಹೊದಿಕೆ ಹೊಲಿದ. ಕಟ್ಟಕಡೆಗೆ, ಜೆಟ್ ಬೋಟಿಗೆ ಹಿಂದೆ ಪಂಖ ಇರುವುದಿಲ್ಲ, ಅದು ಹೊಟ್ಟೆಯ ಕೆಳಗಿನ ಜಾಲರಿಯಿಂದ ನೀರು ಹೀರಿ ಬಾಲದಿಂದ ಚಿಮ್ಮಿಸಿ ಓಡುತ್ತದೆ, ಆಳ ನೋಡದೆ ಹೋದರೆ ಮರಳೂ ಕಲ್ಲೂ ಹೀರಿ ನಡುನೀರಿನಲ್ಲಿ ಕೈಕೊಡುತ್ತದೆ ಎಂದು ಎಲ್ಲೋ ಓದಿಕೊಂಡು ಬಂದ. ಇದು ನಿಜವಾದ ಮಾತೇ. ಆದ್ದರಿಂದ ಆಳ ತೋರಿಸುವ ಯಂತ್ರ ಬರುವವರೆಗೆ ಬೋಟು ನೀರಿಗಿಳಿಯುವ ಹಾಗಿಲ್ಲ ಎಂದು ತೀರ್ಪಾಯಿತು.

ಇಷ್ಟರಲ್ಲಿ ಮಗಳಿಗೆ ಎರಡು ರಜೆ ಮುಗಿದುಹೋಗಿದ್ದವು. ಎರಡೂ ಸಲ ಅವನು ಈ ರಜೆಯಲ್ಲಿ ಖಂಡಿತ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದ. ಇದು ಮೂರನೆಯ ರಜೆ. ಸೋಮವಾರ ಶಾಲೆ ಶುರು. ಕಿತ್ತಳೆ ಬಣ್ಣದ, ತೇಲುವ ಜಾಕೆಟ್ಟು ತೊಟ್ಟುಕೊಂಡೇ ಅವಳು ಈಗ ತಿಂಡಿ ತಿನ್ನುತ್ತಿದ್ದಳು, ಲೆಕ್ಕ ಬಿಡಿಸುತ್ತಿದ್ದಳು, ಹೊದಿಕೆ ಹಿಂಡುತ್ತಿದ್ದಳು. ಮೂರನೆಯ ಸಲವೂ ಮಾತು ತಪ್ಪಿದರೆ ಮಗಳು ಅಳುವುದಿಲ್ಲ ಎಂದು ತಾಯಿಗೆ ಗೊತ್ತಿತ್ತು. ಜಾಕೆಟ್ಟು ಕಳಚಿ ಗೂಟಕ್ಕೆ ಹಾಕಿ, ಇನ್ನು ಮೇಲೆ ಅಪ್ಪ ಹೇಳಿದ್ದಕ್ಕೆಲ್ಲ "ಹೂಂ" ಅಂದು ಸುಮ್ಮನಾಗುತ್ತಾಳೆ. ತಾಯಿಗೆ ಭಯವಿದ್ದದ್ದು ಆ "ಹೂಂ"ನದು.

ಮಗಳ ನಾಲಿಗೆಯ ತುದಿಯಲ್ಲಿ ಒಂದು ಪ್ರಶ್ನೆಯೂ ಕೂತಿತ್ತು. ವಾರದಿಂದ ಅವಳು "ಅಪ್ಪ, ನಿನಗೆ..." ಎಂದು ಶುರುಮಾಡುವುದು, ತಾಯಿ ತಟ್ಟನೆ ಬಾಯಿಗೊಂದು ಬ್ರೆಡ್ಡಿನ ತುಂಡು ಇಡುವುದು ಅಥವಾ ಬಟ್ಟೆಯ ಕ್ಲಿಪ್ಪು ತರಲು ಓಡಿಸುವುದು, ಹೀಗೆ ನಡೆದಿತ್ತು. ಪ್ರಶ್ನೆ ಏನೆಂದು ತಾಯಿಗೆ ಗೊತ್ತಿತ್ತು. ಸ್ನಾನಕ್ಕೆ ನಿಂತಾಗ ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಹೀಗೆ ನೀರಿನ ಜೊತೆ ರಾಜಿ ಮಾಡಿಕೊಳ್ಳುತ್ತಾ ಮೇಲೇರುವ ಗಂಡಸಿನ ಜೊತೆ ಹನ್ನೊಂದು ವರ್ಷ ಸಂಸಾರ ಮಾಡಿದವಳಿಗೆ ಅದೊಂದು ಗುಟ್ಟೇ ಅಲ್ಲ. ಆದರೆ ಟೋಪಿ ಹಾಕಿಕೊಂಡ ಮನುಷ್ಯನಿಗೆ ಅದನ್ನು ಮಗಳ ಬಾಯಿಂದ ಕೇಳಿಸಬಾರದು ಎಂದು ಅವಳ ಆಸೆ.

ಅವಳು ಬೋಟಿನೊಳಗೆ ಇಣುಕಿದಳು. ಚುಕ್ಕಾಣಿಯ ಪಕ್ಕದಲ್ಲಿ ಅಂಗೈಯಗಲದ ಹೊಸ ಪರದೆ ಬೆಳಗುತ್ತಿತ್ತು.

"ನೋಡು. ನಲವತ್ತೆರಡು ಅಡಿ."

"ಏನು ನಲವತ್ತೆರಡು?"

"ನೀರು ಕಣೇ. ನಮ್ಮ ಕೆಳಗೆ."

ಅವಳು ಬಗ್ಗಿ ನೋಡಿದಳು. ಬೋಟಿನ ಕೆಳಗೆ ಟ್ರೇಲರಿನ ಚಕ್ರಗಳಿದ್ದವು, ಅವಳ ಬಕೆಟ್ಟಿತ್ತು, ಹೋದ ವಾರ ಕಳೆದುಹೋಗಿದ್ದ ಮಗಳ ಒಂದು ಚಪ್ಪಲಿಯಿತ್ತು. ನೀರು ಎಂದರೆ ಹೊದಿಕೆಯಿಂದ ತೊಟ್ಟಿಕ್ಕಿದ್ದಷ್ಟೇ. ಪರದೆಯ ಮೇಲೆ ಮಾತ್ರ ದೊಡ್ಡ ಮೀನೊಂದು ಎಡದಿಂದ ಬಲಕ್ಕೆ ಸಾವಕಾಶವಾಗಿ ಹೋಯಿತು, ಅದರ ಹಿಂದೆ ಮೂರು ಮರಿಗಳು ಹೋದವು.

ಗಂಡ ವಿವರಿಸಿದ. ಜೆಟ್ ಬೋಟಿನ ಬಾಲದ ಹತ್ತಿರ ಬರೀ ಗುಳ್ಳೆ, ಆದ್ದರಿಂದ ಆಳ ನೋಡುವ ಬಿಲ್ಲೆಯನ್ನು ಹೊರಗೆ ಹಾಕುವಂತಿಲ್ಲ. ಒಳಗೇ, ಫೈಬರಿನ ತಳಕ್ಕೆ ಅಂಟಿಸಬೇಕು. ಬಿಲ್ಲೆ ಟಿಕ್ ಟಿಕ್ ಎಂದು ಸದ್ದು ಕಳಿಸುತ್ತದೆ, ಸದ್ದು ತಳವನ್ನು ದಾಟಿ ನೀರಿಗಿಳಿದು, ನೆಲ ಮುಟ್ಟಿ ವಾಪಸು ಬರುತ್ತದೆ. ನಿನ್ನೆ ಸಂಜೆಯವರೆಗೂ ಕೂತು ಭದ್ರವಾಗಿ ಅಂಟಿಸಿದ್ದಾನೆ. ಈ ಯಂತ್ರ ಎಷ್ಟು ಶಕ್ತಿಯದೆಂದರೆ, ಸದ್ದು ಫೈಬರನ್ನಷ್ಟೇ ಅಲ್ಲ, ಅಂಗಳದ ನೆಲವನ್ನೂ ದಾಟಿ ಕೆಳಗಿನ ನೀರನ್ನು ಕಂಡುಹಿಡಿದಿದೆ.

"ಯಂತ್ರದ ಜೊತೆ ಬಂದ ಕಾಗದ ಓದಿದ್ರಾ?" ಎಂದು ಅವಳು ಮೆಲ್ಲಗೆ ಕೇಳಿದಳು.

ಓದಿದ್ದ. ಕಾಗದ ಆರು ಭಾಷೆಯಲ್ಲಿತ್ತು, ಅವನಿಗೆ ಬರುವ ಭಾಷೆ ಆರನೆಯದಾಗಿತ್ತು. ಚಿತ್ರಗಳನ್ನೆಲ್ಲ ಓದಿದ್ದ.

ವಿಷಯ ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಗೋಡೆಯಾಚೆ ನಿವೃತ್ತ ಪೋಸ್ಟ್‌ಮಾಸ್ಟರರು ಗಿಡಕ್ಕೆ ನೀರು ಹಾಕುತ್ತಿದ್ದರು. ಅವರು ಗಿಡಕ್ಕೆ ನೀರು ಹಾಕುವ ಹೊತ್ತೂ ಈ ಮನೆಯವರು ಮಾತಾಡುವ ಹೊತ್ತೂ ಯಾವಾಗಲೂ ಒಂದೇ. ಅವರ ಅಡುಗೆಮನೆಯ ಗೋಡೆಯಲ್ಲಿ ಆರು ವರ್ಷದಿಂದ ತೇವವಿತ್ತು. ಅದು ಇವಳು ಬಟ್ಟೆ ಒಗೆದ ನೀರಿನದೇ ಎಂದು ಅವರ ಆರೋಪ. ಈಗ ಅವರು ಗೋಡೆಯ ಮೇಲೆ ಗಲ್ಲವಿಟ್ಟು ಕೇಳಿದರು, "ಏನ್ ಕ್ಯಾಪ್ಟನ್, ಎಷ್ಟಡಿ ಅಂದೆ?"

ಪೋಸ್ಟ್‌ಮಾಸ್ಟರರು ಕೆಲಸದಲ್ಲಿದ್ದಾಗ ಒಂದು ಕಾಗದವೂ ತಡವಾಗಿ ಮುಟ್ಟಿದ್ದಿಲ್ಲವಂತೆ. ಆ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಹತ್ತು ಗಂಟೆಯೊಳಗೆ ಬೀದಿಯ ಕೆಳಗೆ ಸರೋವರವಿರುವ ಸುದ್ದಿ ಎರಡೂ ಸಾಲಿನ ಮನೆಗಳಿಗೆ ಬಟವಾಡೆಯಾಯಿತು. ಜೊತೆಗೆ ತಮ್ಮ ಗೋಡೆಯ ತೇವಕ್ಕೆ ಕಾರಣ ಸಿಕ್ಕಿತು, ಬಟ್ಟೆ ಒಗೆಯುವವರ ಮೇಲೆ ತಮಗಿನ್ನು ಸಿಟ್ಟಿಲ್ಲ ಎಂದೂ ಅವರು ಸಾರಿದರು. ಆರು ವರ್ಷದಲ್ಲಿ ಮೊದಲ ಸಲ ಅವರು ಇವಳನ್ನು ನೋಡಿ ನಕ್ಕರು. ಯಂತ್ರದಿಂದಾದ ಮೊದಲ ಲಾಭ ಅದು.

ಮಧ್ಯಾಹ್ನ ಅವಳ ತಮ್ಮ ಬಂದ. ಅವನು ಪ್ಲಂಬರ್. ನೀರಿನ ವಿಷಯದಲ್ಲಿ ತನ್ನನ್ನು ಕೇಳದೆ ಯಾರೂ ಏನೂ ಮಾಡಬಾರದು ಎಂಬುದು ಅವನ ಸಿದ್ಧಾಂತ. ಒಂದು ಉದ್ದನೆಯ ಪೈಪನ್ನು ನೆಲಕ್ಕೆ ಊರಿ, ಅದರ ಮೇಲ್ತುದಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. "ಅಕ್ಕ, ಗುಳುಗುಳು ಅಂತಿದೆ" ಎಂದ. ಅಡುಗೆಮನೆಯ ತೊಟ್ಟಿಯ ಬೂಚನ್ನು ತಾನು ಈಗಷ್ಟೇ ತೆಗೆದಿದ್ದೇನೆಂದು ಅವಳು ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ಬೀದಿಗೆ ಹೋಗಿ ಹೇಳಿಯಾಗಿತ್ತು.

ಸಂಜೆಗೆ ಎಲ್ಲರದೂ ಒಂದೇ ಹಟ. ಕ್ಯಾಪ್ಟನ್ನರ ಮನೆಯ ಕೆಳಗೆ ಮಾತ್ರ ನೀರಿದ್ದರೆ ಸಾಕೇ? ತಮ್ಮ ತಮ್ಮ ಮನೆಯ ಕೆಳಗೆ ಎಷ್ಟಿದೆ ಎಂದು ತಿಳಿಯಬೇಡವೇ? ಹಗ್ಗ ಬಿಚ್ಚಿ, ಅರ್ಧ ಒಣಗಿದ ಬಟ್ಟೆಯನ್ನೆಲ್ಲ ಅವಳ ಹೆಗಲಿಗೆ ಹಾಕಿ, ಹನ್ನೊಂದು ಜನ ಸೇರಿ ಟ್ರೇಲರನ್ನು ಗೇಟಿನಿಂದಾಚೆ ತಳ್ಳಿದರು. ಹೀಗೆ ಆ ಬೋಟಿನ ಮೊದಲ ಯಾನ ಬೀದಿಯಲ್ಲಿ ನಡೆಯಿತು. ಗಂಡ ಟೋಪಿ ಹಾಕಿಕೊಂಡು ಚುಕ್ಕಾಣಿ ಹಿಡಿದು ಕೂತಿದ್ದ. ತಿರುವಿನಲ್ಲಿ ಹಾರ್ನ್ ಒತ್ತಿದ. ಅವನ ಮುಖದಲ್ಲಿ ಅಳುಕೆಂಬುದು ಎಳ್ಳಷ್ಟೂ ಇರಲಿಲ್ಲ. ಟಾರು ರಸ್ತೆಯ ಮೇಲೆ ಅವನಷ್ಟು ಧೀರ ನಾವಿಕ ಇನ್ನೊಬ್ಬನಿಲ್ಲ ಎಂದು, ಹೆಗಲ ತುಂಬ ಒದ್ದೆ ಬಟ್ಟೆ ಹೊತ್ತ ಅವಳಿಗೂ ಆ ಹೊತ್ತಿಗೆ ಅನ್ನಿಸಿಬಿಟ್ಟಿತು. ಪಕ್ಕದಲ್ಲಿ ಕಿತ್ತಳೆ ಜಾಕೆಟ್ಟಿನ ಮಗಳು ಕೂತು ಪರದೆಯನ್ನೇ ನೋಡುತ್ತಿದ್ದಳು.

ಬೇಕರಿಯವಳ ಬಾಗಿಲಲ್ಲಿ ಐವತ್ತೊಂದು ಅಡಿ ಬಂತು, ತೋಳುದ್ದದ ಮೀನೂ ಬಂತು. ಬೇಕರಿಯವಳು ಸೊಂಟದ ಮೇಲೆ ಕೈಯಿಟ್ಟು ಬೀದಿಯನ್ನೊಮ್ಮೆ ಎಡಕ್ಕೂ ಬಲಕ್ಕೂ ನೋಡಿದಳು. ಪೋಸ್ಟ್‌ಮಾಸ್ಟರರ ಗೇಟಿನಲ್ಲಿ ಹತ್ತೊಂಬತ್ತೇ ಅಡಿ, ಮೀನೆಂದು ಕರೆಯಲು ಸಂಕೋಚವಾಗುವಂಥ ಎರಡು ಚುಕ್ಕೆ.

"ಸರಿಯಾಗಿ ನೋಡಪ್ಪಾ" ಎಂದರು ಪೋಸ್ಟ್‌ಮಾಸ್ಟರರು. "ಮೂವತ್ತು ವರ್ಷದಿಂದ ಇದೇ ಮನೇಲಿದ್ದೀನಿ. ಮೊನ್ನೆ ಬಂದ ಬೇಕರಿಯವಳಿಗೆ ಐವತ್ತೊಂದು ಅಂದ್ರೆ ಹೇಗೆ?"

ಬೋಟನ್ನು ಎರಡು ಮೊಳ ಹಿಂದಕ್ಕೆ ತಳ್ಳಿ ಮತ್ತೆ ನೋಡಿದರು. ಇಪ್ಪತ್ತಮೂರು. ಅವರು ಅಷ್ಟಕ್ಕೆ ಸಮಾಧಾನಪಟ್ಟುಕೊಂಡರೂ ರಾತ್ರಿಯ ಬ್ರೆಡ್ಡು ಕೊಳ್ಳಲು ಬೇರೆ ಬೇಕರಿಗೆ ಹೋದರು.

ಸುದ್ದಿ ನೀರು ಇಲಾಖೆಯ ಕಚೇರಿಯನ್ನು ಮುಟ್ಟದೆ ಇರುತ್ತದೆಯೇ? ಪೋಸ್ಟ್‌ಮಾಸ್ಟರರು ಮೂರು ಪುಟದ ಅರ್ಜಿ ಬರೆದು, ಅಂಚೆಯನ್ನು ನಂಬದೆ, ತಾವೇ ಹೋಗಿ ಕೊಟ್ಟುಬಂದರು. ಶುಕ್ರವಾರ ನೀರು ಇಲಾಖೆಯ ಇಂಜಿನಿಯರು ಬಂದರು. ಎಳೆಯ ಮುಖದವರು, ಕಂಕುಳಲ್ಲೊಂದು ಪ್ಲಾಸ್ಟಿಕ್ ಕಡತ. ಗೊತ್ತಿಲ್ಲ ಎಂಬ ಮಾತನ್ನು ಅವರಿಗೆ ಯಾರೂ ಕಲಿಸಿದಂತಿರಲಿಲ್ಲ. ಪರದೆ ನೋಡಿ "ಹೌದು, ಇರುತ್ತೆ" ಎಂದರು. ಮೀನು ಹೋದಾಗ "ಇದೂ ಇರುತ್ತೆ" ಎಂದರು. ಕಡತದಲ್ಲಿ ಆಳ ಎಂಬಲ್ಲಿ ನಲವತ್ತೆರಡು ಎಂದೂ, ಇತರೆ ಎಂಬಲ್ಲಿ ಮೀನು, ಆರು ಎಂದೂ ಬರೆದುಕೊಂಡರು. ನೆಲದಡಿಯ ನೀರು ತಮ್ಮ ಇಲಾಖೆಗೆ ಸೇರುತ್ತದೆ, ಮೀನಿನ ಬಗ್ಗೆ ಮಾತ್ರ ಬೇರೆ ಇಲಾಖೆಯನ್ನು ಕೇಳಬೇಕು ಎಂದರು. ನೀರಿನ ಮೀಟರಿನ ಪಕ್ಕ ಹಾರೆ ಹಿಡಿದು ಆಗಲೇ ಒಂದಡಿ ಅಗೆದಿದ್ದ ಅವಳ ತಮ್ಮನನ್ನು ತಡೆದು, ಅಗೆದರೆ ಬೀದಿ ಕುಸಿಯಬಹುದು ಎಂದು ಎಚ್ಚರಿಸಿದರು. ಬೀದಿ ಅವತ್ತಿನಿಂದ ತುದಿಗಾಲಲ್ಲಿ ನಡೆಯತೊಡಗಿತು. ಬೇಕರಿಯವಳು ಹಿಟ್ಟಿನ ಮೂಟೆಯನ್ನು ನೆಲದ ಮೇಲೆ ಧೊಪ್ಪೆಂದು ಹಾಕುವುದನ್ನು ಬಿಟ್ಟು, ಮಲಗಿದ ಮಗುವನ್ನು ಇಳಿಸುವ ಹಾಗೆ ಇಳಿಸಿದಳು.

ಹೊರಡುವ ಮುನ್ನ ಇಂಜಿನಿಯರು ಇನ್ನೊಂದು ಮಾತು ಹೇಳಿದರು. ಈ ಯಂತ್ರ ಹೇಳುವುದು ನಿಜವೆಂದು ವರದಿ ಬರೆಯಬೇಕಾದರೆ, ಆಳ ಗೊತ್ತಿರುವ ನೀರಿನಲ್ಲಿ ಅದನ್ನೊಮ್ಮೆ ಪರೀಕ್ಷಿಸಬೇಕು. ಕೆರೆಯಲ್ಲಿ ಬೋಟು ಇಳಿಸುವ ಇಳಿಜಾರಿನ ಪಕ್ಕದಲ್ಲಿ ಇಲಾಖೆಯ ಅಳತೆಗಂಬವಿದೆ. "ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬೋಟು ತನ್ನಿ. ಮೊದಲು ಕಂಬದ ಹತ್ತಿರ ನೋಡೋಣ. ಆಮೇಲೆ ನೀವು ಒಂದು ಸುತ್ತು ಹೊಡ್ಕೊಂಡು ಬನ್ನಿ."

ಗಂಡ ಟೋಪಿ ತೆಗೆದು, ಅದರೊಳಗೆ ಏನೋ ಬರೆದಿರುವ ಹಾಗೆ ಬಹಳ ಹೊತ್ತು ನೋಡಿದ. ಮಗಳು ಬೋಟಿನ ಅಂಚು ಹಿಡಿದು ಎರಡು ಸಲ ಕುಪ್ಪಳಿಸಿದಳು. ಬೀದಿ ಕುಸಿದೀತೆಂದು ಪೋಸ್ಟ್‌ಮಾಸ್ಟರರು ಗದರಿದರು.

ಶನಿವಾರ ಮಧ್ಯಾಹ್ನ ಅವಳು ಬಟಾಣಿ ಸುಲಿಯುತ್ತ ಕೂತಿದ್ದಾಗ ಮಗಳು ಬೋಟಿನಿಂದ ಇಳಿದು ಬಂದು ಪಕ್ಕದಲ್ಲಿ ಕೂತಳು.

"ಅಮ್ಮ, ಮೀನುಗಳು ಬೇರೆ ಬೇರೆ ಅಲ್ಲ. ಅವೇ ತಿರುಗಿ ತಿರುಗಿ ಬರ್ತವೆ."

"ಅಂದ್ರೆ?"

ಮಗಳು ಬಟಾಣಿ ಕಾಳುಗಳನ್ನು ನೆಲದ ಮೇಲೆ ಜೋಡಿಸಿ ತೋರಿಸಿದಳು. ಒಂದು ದೊಡ್ಡದು. ಮೂರು ಸಣ್ಣವು. ಆಮೇಲೆ ಖಾಲಿ. ಆಮೇಲೆ ಜೋಡಿ. ಆಮೇಲೆ ಮತ್ತೆ ಅದೇ ದೊಡ್ಡದು. ನಮ್ಮ ಅಂಗಳದಲ್ಲೂ ಹೀಗೇ, ಬೇಕರಿ ಹತ್ತಿರವೂ ಹೀಗೇ. ಎರಡು ದಿನ ಕೂತು ಎಣಿಸಿದ್ದಳು.

ತಾಯಿ ಎದ್ದು ಹೋಗಿ ಗುಂಡಿಗಳ ಡಬ್ಬಿಯಿಂದ ಯಂತ್ರದ ಕಾಗದ ತಂದಳು. ಐದು ಭಾಷೆ ದಾಟಿ, ಆರನೆಯದರಲ್ಲಿ ಬೆರಳಿಟ್ಟು ಓದಿದಳು. ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಹೊಸ ಯಂತ್ರ ತನ್ನಷ್ಟಕ್ಕೆ ತಾನೇ ಏರಿಳಿಯುವ ಸುಳ್ಳು ನೀರನ್ನೂ ಸುಳ್ಳು ಮೀನನ್ನೂ ತೋರಿಸುತ್ತಿರುತ್ತದೆ. ನಿಜವಾದ ನೀರಿಗೆ ಇಳಿಸುವ ಮುನ್ನ ಎಡಗಡೆಯ ಗುಂಡಿಯನ್ನು ಐದು ಎಣಿಸುವವರೆಗೆ ಒತ್ತಿಹಿಡಿಯಬೇಕು.

"ಹಾಗಾದ್ರೆ ನಮ್ಮ ಕೆಳಗೆ ನೀರಿಲ್ವಾ?"

"ಇಲ್ಲ ಪುಟ್ಟಿ."

"ಅಪ್ಪಂಗೆ ಹೇಳೋಣ್ವಾ?"

ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಗಂಡ ನಾಳೆಗೆಂದು ಇಂಜಿನಿಯರಿಗೆ ಒಂದು ದಿಂಬು ಹೊಲಿಯುತ್ತಿದ್ದ. ಈಗ ಹೇಳಿದರೆ ಬೀದಿ ನಗುತ್ತದೆ. ಅವನು ನಗುಮುಖದಲ್ಲೇ ಅದನ್ನು ನುಂಗಿಕೊಳ್ಳುತ್ತಾನೆ, ಬೋಟಿನ ಮೂತಿಗೆ ಮತ್ತೆ ಹಗ್ಗ ಕಟ್ಟುತ್ತಾನೆ, ಮುಂದಿನ ರಜೆಯವರೆಗೆ ಅದರ ಮೇಲೆ ಹೊದಿಕೆ ಒಣಗುತ್ತದೆ. ಹೇಳದಿದ್ದರೆ ನಾಳೆ ಒಂಬತ್ತಕ್ಕೆ ಬೋಟು ನೀರಿನಲ್ಲಿರುತ್ತದೆ. ಅವಳು ಎರಡು ಬಟಾಣಿಕಾಯಿ ಸುಲಿಯುವಷ್ಟು ಹೊತ್ತು ಯೋಚಿಸಿದಳು.

"ನಾಳೆ ಹೇಳೋಣ" ಎಂದಳು. "ಬೋಟು ನೀರಿಗಿಳಿದ ಮೇಲೆ."

ಮಗಳು ತಲೆಯಾಡಿಸಿದಳು. ಆಮೇಲೆ ದನಿ ಇಳಿಸಿ, "ಅಮ್ಮ, ಅಪ್ಪಂಗೆ..." ಎಂದು ಶುರುಮಾಡಿದಳು. ತಾಯಿ ಅವಳ ಬಾಯಿಗೆ ನಾಲ್ಕು ಬಟಾಣಿ ಹಾಕಿದಳು.

ಭಾನುವಾರ ಬೀದಿಗೆ ಬೀದಿಯೇ ಕೆರೆಯ ದಂಡೆಯಲ್ಲಿತ್ತು. ಪೋಸ್ಟ್‌ಮಾಸ್ಟರರು ಕುರ್ಚಿ ತಂದಿದ್ದರು. ಇಂಜಿನಿಯರು ಹೊಸ ದಿಂಬಿನ ಮೇಲೆ ಕಡತವಿಟ್ಟುಕೊಂಡು ಕೂತಿದ್ದರು. ಅವಳ ತಮ್ಮ ತನ್ನ ವ್ಯಾನಿನಲ್ಲಿ ಬೋಟನ್ನು ಎಳೆದು ತಂದು, ಹಿಂದುಹಿಂದಕ್ಕೆ ಇಳಿಜಾರಿನಲ್ಲಿ ಇಳಿಸಿದ. ಬೋಟು ಟ್ರೇಲರಿನಿಂದ ಜಾರಿ, ಒಮ್ಮೆ ಮುಗ್ಗರಿಸಿದಂತೆ ಮಾಡಿ, ತೇಲಿ ನಿಂತಿತು. ಎಂಟು ತಿಂಗಳು ಕಾದ ಬೋಟು ತೇಲಲು ತೆಗೆದುಕೊಂಡದ್ದು ಒಂದೇ ಗಳಿಗೆ. ಅವಳು ಪರದೆಯ ಧೂಳು ಒರೆಸುವ ನೆಪದಲ್ಲಿ ಒದ್ದೆ ಬಟ್ಟೆ ಹಿಡಿದು ಬಗ್ಗಿ, ಎಡಗಡೆಯ ಗುಂಡಿಯನ್ನೊತ್ತಿ ಮನಸ್ಸಿನಲ್ಲೇ ಐದು ಎಣಿಸಿದಳು. ಮೀನುಗಳು ಮಾಯವಾದವು.

ಗಂಡ ಒಂದು ಕಾಲು ಬೋಟಿನಲ್ಲಿ, ಒಂದು ಕಾಲು ದಂಡೆಯ ಕಲ್ಲಿನ ಮೇಲೆ ಇಟ್ಟು ಪರದೆ ನೋಡಿದ. ನಲವತ್ತೆರಡೂ ಇಲ್ಲ, ನಾಲ್ಕೂ ಇಲ್ಲ. ಮೂರು ಸಣ್ಣ ಗೆರೆ ಮಾತ್ರ ಇದ್ದವು. ಒಂದು ನಿಮಿಷ ಕಾದ. ಮೂರೇ ಗೆರೆ.

ಅವನ ಮುಖ ಅರಳಿತು. ಬೋಟಿನಲ್ಲಿದ್ದ ಕಾಲನ್ನೂ ದಂಡೆಗೆ ತಂದುಕೊಂಡ. ಯಂತ್ರ ಆಳ ಹೇಳುತ್ತಿಲ್ಲ ಅಂದರೆ ಇದಕ್ಕೆ ತಳವೇ ಇಲ್ಲ ಎಂದರ್ಥ, ಇಂಥ ನೀರಿನಲ್ಲಿ ಮಗುವನ್ನು ಕರೆದುಕೊಂಡು ಹೋಗುವುದು ಜವಾಬ್ದಾರಿಯುಳ್ಳ ಕ್ಯಾಪ್ಟನ್ನರ ಲಕ್ಷಣವಲ್ಲ, ಯಂತ್ರ ರಿಪೇರಿಯಾಗಲಿ, ಮುಂದಿನ ರಜೆಯಲ್ಲಿ ನೋಡೋಣ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಮಗಳು ತಲೆ ತಗ್ಗಿಸಿ ಜಾಕೆಟ್ಟಿನ ಮೊದಲ ಗುಂಡಿಗೆ ಕೈ ಹಾಕಿದಳು.

ಇಂಜಿನಿಯರು ಅಳತೆಗಂಬ ನೋಡಿದರು. ಆರು ಅಡಿ. ಬೀದಿಯಲ್ಲಿ ನಲವತ್ತೆರಡು ಹೇಳಿದ ಯಂತ್ರ ಕೆರೆಯಲ್ಲಿ ಏಕೆ ಬಾಯಿ ಮುಚ್ಚಿಕೊಂಡಿದೆ ಎಂದು ಕೇಳಿದರು. ಆಗ ಅವಳು ಮುಂದೆ ಬಂದು, ಕಾಗದದಲ್ಲಿದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಂಗಡಿಯ ಚಿತ್ರ. ಸುಳ್ಳು ನೀರು. ಮೀನುಗಳೂ ಅಷ್ಟೇ, ಮಗಳು ಎಣಿಸಿ ಕಂಡುಹಿಡಿದದ್ದು.

ಎರಡು ದಿನ ತುದಿಗಾಲಲ್ಲಿ ನಡೆದ ಬೀದಿ ತನ್ನ ಪಾದಗಳನ್ನು ನೋಡಿಕೊಂಡಿತು. ಪೋಸ್ಟ್‌ಮಾಸ್ಟರರು ಕುರ್ಚಿಯಿಂದ ಎದ್ದರು.

"ಹಾಗಾದ್ರೆ ನನ್ನ ಇಪ್ಪತ್ತಮೂರು ಅಡಿ?"

"ಇಲ್ಲ, ಪೋಸ್ಟ್‌ಮಾಸ್ಟ್ರೇ."

"ಬೇಕರಿಯವಳ ಐವತ್ತೊಂದು?"

"ಅದೂ ಇಲ್ಲ."

ಪೋಸ್ಟ್‌ಮಾಸ್ಟರರು ನೆಮ್ಮದಿಯಿಂದ ಕೂತರು. ಬೇಕರಿಯವಳಿಗೇ ಮೊದಲು ನಗು ಬಂದದ್ದು. ಹಿಟ್ಟಿನ ಮೂಟೆ ನೆನಪಾಗಿರಬೇಕು. ಅವಳು ನಕ್ಕ ಮೇಲೆ ಉಳಿದವರು ತಡೆದುಕೊಳ್ಳುವುದು ಹೇಗೆ? ಗಂಡನೂ ನಕ್ಕ. ಎಲ್ಲರಿಗಿಂತ ತುಸು ಹೆಚ್ಚೇ ನಕ್ಕ. ಕಡತದಲ್ಲಿ ಮೀನುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಿದ್ದ ಇಂಜಿನಿಯರು ಮಾತ್ರ ಹುಬ್ಬು ಗಂಟಿಕ್ಕಿ, ಸುಳ್ಳನ್ನು ನಿಲ್ಲಿಸಿದ ಮೇಲೂ ನಿಜ ಏಕೆ ಕಾಣುತ್ತಿಲ್ಲ ಎಂದರು.

ಅದಕ್ಕೆ ಅವಳ ತಮ್ಮ ಬೋಟಿನೊಳಗೆ ಹತ್ತಿ, ಹಲಗೆ ಎತ್ತಿ, ತಳದಲ್ಲಿ ತಡಕಿದ. ತಡಕಿದವನು ಹಾಗೇ ಕೂತುಬಿಟ್ಟ.

"ಭಾವ, ಇದರ ಕೆಳಗೆ ಏನಿಟ್ಟಿದ್ದೀರಿ?"

ಬಿಲ್ಲೆಯನ್ನು ಅಂಟಿನ ಸಮೇತ ಕಿತ್ತು ಮೇಲೆತ್ತಿ ತೋರಿಸಿದ. ಅದರ ಕೆಳಗೆ ಅರ್ಧ ಅಂಗುಲ ದಪ್ಪದ, ಬಿಲ್ಲೆಯದೇ ಅಳತೆಯ, ನೀಲಿ ರೆಕ್ಸಿನ್ ಹೊದಿಸಿದ ಪುಟ್ಟ ಫೋಮ್ ದಿಂಬಿತ್ತು. ಸುತ್ತಲೂ ಬಿಳಿ ಪೈಪಿಂಗ್ ಅಂಚು. ಮೂಲೆಯ ಮಡಿಕೆಗಳು ಎಷ್ಟು ಅಚ್ಚುಕಟ್ಟಾಗಿದ್ದವೆಂದರೆ ಇಂಜಿನಿಯರು ತಾವು ಕೂತ ದಿಂಬನ್ನೊಮ್ಮೆ ಹೋಲಿಸಿ ನೋಡಿದರು.

ಗಂಡ ಕಿವಿಯವರೆಗೂ ಕೆಂಪಾದ. "ಬರೀ ತಳದ ಮೇಲೆ ಕೂರಿಸಿದ್ರೆ ಬೋಟು ಓಡುವಾಗ ಅದಕ್ಕೆ ಏಟಾಗಲ್ವಾ?" ಎಂದ. "ಪಾಪ, ಅಷ್ಟು ನಾಜೂಕಿನ ವಸ್ತು."

ಸದ್ದು ನೀರಿಗೆ ಇಳಿಯಬೇಕಾದರೆ ನಡುವೆ ಮೆತ್ತನೆಯದೇನೂ ಇರಬಾರದು, ಫೋಮು ಅದನ್ನೆಲ್ಲ ಕುಡಿದುಬಿಡುತ್ತದೆ ಎಂದು ತಮ್ಮ ಹೇಳಿದ. ಯಾರೂ ನಗಲಿಲ್ಲ. ಇಪ್ಪತ್ತು ವರ್ಷ ಊರಿನವರಿಗೆಲ್ಲ ಕೂತಲ್ಲಿ ನೋಯದಿರಲಿ ಎಂದು ಹೊಲಿದ ಕೈ ಅದು. ಒಂದು ಬಿಲ್ಲೆಗೂ ನೋಯದಿರಲಿ ಎಂದಿತ್ತು.

ಅವಳ ತಮ್ಮ ಫೋಮನ್ನು ಬಿಡಿಸಿ, ಬಿಲ್ಲೆಯ ಹೊಟ್ಟೆಗೆ ದಪ್ಪಗೆ ಗ್ರೀಸ್ ಮೆತ್ತಿ, ಬರಿಯ ತಳಕ್ಕೆ ಒತ್ತಿ ಕೂರಿಸಿದ. ಪರದೆಯ ಮೇಲಿನ ಮೂರು ಗೆರೆ ಒಮ್ಮೆ ನಡುಗಿ ಅಂಕಿಯಾದವು.

ಆರು ಅಡಿ.

ಇಂಜಿನಿಯರು ಕಂಬ ನೋಡಿದರು, ಪರದೆ ನೋಡಿದರು, ಬರೆದುಕೊಂಡರು. ಎಲ್ಲರೂ ಗಂಡನ ಕಡೆ ತಿರುಗಿದರು. ಸೀಟು ಸರಿಯಿತ್ತು, ಹಾರ್ನ್ ಇತ್ತು, ನೆರಳಿತ್ತು, ಈಗ ಆಳವೂ ಗೊತ್ತಾಗಿತ್ತು. ಅವನು ಕೈಯಲ್ಲಿ ಬೋಟಿನ ಹಗ್ಗ ಹಿಡಿದು ನಿಂತಿದ್ದ. ಗಾಳಿ ಸ್ವಲ್ಪ ಹೆಚ್ಚಾಗಿದೆ ಎಂದ. ಬಟ್ಟೆ ಒಣಹಾಕುವವರಿಗೆ ಗಾಳಿಯ ವಿಷಯ ಬೇರೆಯವರು ಹೇಳಬೇಕಿಲ್ಲ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಊಟದ ಹೊತ್ತಾಗುತ್ತಾ ಬಂತು ಎಂದ. ಒಂಬತ್ತೂ ಮುಕ್ಕಾಲು ಆಗಿತ್ತು. ಅವನು ಹಗ್ಗವನ್ನು ಅಂಗೈಗೆ ಮತ್ತೊಂದು ಸುತ್ತು, ಅದರ ಮೇಲೆ ಇನ್ನೊಂದು ಸುತ್ತು ಸುತ್ತಿಕೊಂಡದ್ದನ್ನು ಇಡೀ ಬೀದಿಯೇ ನೋಡಿತು. ಏನೋ ಹೇಳಲು ಬಾಯಿ ತೆರೆದ ಪೋಸ್ಟ್‌ಮಾಸ್ಟರರನ್ನು ಅವಳು ಒಂದು ನೋಟ ನೋಡಿದಳು. ಅವರು ಬಾಯಿ ಮುಚ್ಚಿಕೊಂಡರು.

ಮಗಳು ಚಪ್ಪಲಿ ಕಳಚಿ, ಮೆಲ್ಲಗೆ ಇಳಿಜಾರಿನಲ್ಲಿ ಇಳಿದಳು. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಅಪ್ಪನ ಪ್ಯಾಂಟಿನ ಮೊಣಕಾಲು ಹಿಡಿದಳು. ಒಮ್ಮೆ ತಿರುಗಿ ತಾಯಿಯನ್ನು ನೋಡಿದಳು. ತಾಯಿ ಈ ಸಲ ಅವಳನ್ನು ಎಲ್ಲಿಗೂ ಓಡಿಸಲಿಲ್ಲ. ಸುಮ್ಮನೆ, ಹೂಂ ಅನ್ನುವ ಹಾಗೆ ಕಣ್ಣು ಮುಚ್ಚಿ ತೆರೆದಳು.

ಮಗಳು ಅಪ್ಪನ ಮುಖದತ್ತ ಕತ್ತೆತ್ತಿ, ಎಲ್ಲರಿಗೂ ಕೇಳಿಸುವಷ್ಟೇ ದೊಡ್ಡದಾಗಿ ಕೇಳಿದಳು:

"ಅಪ್ಪ, ನಿನಗೆ ನೀರು ಅಂದ್ರೆ ಭಯ ಅಲ್ವಾ? ನನಗೂ ಭಯಾನೇ, ಯಾರಿಗೂ ಹೇಳಿರಲಿಲ್ಲ. ನಾವಿಬ್ಬರೂ ಭಯ ಇಟ್ಕೊಂಡೇ ಒಂದು ಸುತ್ತು ಹೋಗ್ಬರೋಣ್ವಾ?"